ಮೊದಲು ಮೀಟರ್ ಹಚ್ಚಿ, ಆಮೇಲೆ ರೊಕ್ಕ ಬಿಚ್ಚಿ: ಕಾರಿನಲ್ಲಿ ಕೆಟ್ಟಿದ್ದು ಬ್ಯಾಟರಿಯೋ, ಆಲ್ಟರ್ನೇಟರೋ?

ಬಾಗಲಕೋಟೆಯಲ್ಲಿ ಮದುವೆ ಊಟ ಮುಗಿಸಿ ವಿಜಯಪುರಕ್ಕೆ ವಾಪಸ್ ಬರುತ್ತಿದ್ದೆವು. ರಾತ್ರಿ ಹತ್ತೂವರೆ ಇರಬೇಕು. ಕೃಷ್ಣಾ ಸೇತುವೆ ದಾಟಿ ಕೊಲ್ಹಾರದಲ್ಲಿ ಚಹಾಕ್ಕೆ ನಿಲ್ಲಿಸಿದೆ. ಹತ್ತು ನಿಮಿಷ ಬಿಟ್ಟು ಬಂದು ಕೀ ತಿರುಗಿಸಿದರೆ ಬರೀ 'ಕಟಕಟಕಟ' ಸದ್ದು. ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಮಿಣುಕಿ ಮಂಕಾದವು.

"ಏನ್ರೀ, ಹೊಸಾ ಬ್ಯಾಟರಿ ಹಾಕ್ಸೇನಿ ಅಂದಿದ್ರಲ್ಲ?" ಹಿಂದಿನ ಸೀಟಿನಿಂದ ಮನೆಯವಳ ಪ್ರಶ್ನೆ.

ಹಾಕಿಸಿದ್ದು ನಿಜ. ಬರೀ ಮೂರು ವಾರ ಆಗಿತ್ತು. ಅಂಗಡಿಯವನು ಹಳೆಯ ಬ್ಯಾಟರಿಯನ್ನು ಒಮ್ಮೆ ನೋಡಿ, "ಹೋಗೇದ್ರಿ ಇದು" ಅಂದಿದ್ದ. ನಾನೂ ಹೂಂ ಅಂದು ರೊಕ್ಕ ಕೊಟ್ಟಿದ್ದೆ. ಒಂದು ಮೀಟರ್ ಹಚ್ಚಿ ನೋಡಿರಲಿಲ್ಲ, ಅವನೂ ನೋಡಲಿಲ್ಲ, ನಾನೂ ಕೇಳಲಿಲ್ಲ. ಆ ರಾತ್ರಿ ಚಹಾ ಅಂಗಡಿಯಲ್ಲಿದ್ದ ಲಾರಿ ಹುಡುಗರು "ಸೆಕೆಂಡ್ ಗೇರ್ ಹಾಕ್ರಿ ಅಣ್ಣಾರ, ನಾವ್ ದೂಡ್ತೀವಿ" ಅಂತ ದೂಡಿಕೊಟ್ಟರು. ಏಸಿ ಬಂದ್, ರೇಡಿಯೊ ಬಂದ್, ಕಿಟಕಿ ಇಳಿಸಿಕೊಂಡು, ಎಲ್ಲೂ ಆಫ್ ಮಾಡದೆ ಮನೆ ಮುಟ್ಟಿದೆವು.

ಮರುದಿನ ಹೋಗಿದ್ದು ನಮ್ಮ ಓಣಿಯ ಹಳೆಯ ಎಲೆಕ್ಟ್ರಿಷಿಯನ್ ಕಾಕಾ ಹತ್ತಿರ. ಅವರು ಬಾನೆಟ್ ಎತ್ತುವ ಮೊದಲು ಹೇಳಿದ್ದು ಇದು: "ನೋಡಪಾ ತಮ್ಮ, ಮೊದ್ಲ ಮೀಟರ್ ಹಚ್ಚು, ಆಮ್ಯಾಲ ರೊಕ್ಕ ಬಿಚ್ಚು." ಅವತ್ತು ಅವರು ಮಾಡಿ ತೋರಿಸಿದ್ದನ್ನು, ಆಮೇಲೆ ನನ್ನ ಗಾಡಿ, ಅಣ್ಣನ ಗಾಡಿ, ಪಕ್ಕದ ಮನೆಯ ಗಾಡಿ ಮೇಲೆ ನಾನೇ ಮಾಡಿ ಕಲಿತಿದ್ದನ್ನು ಇಲ್ಲಿ ಬರೆದಿದ್ದೇನೆ. ನನ್ನ ಗಾಡಿಯಲ್ಲಿ ಕೊನೆಗೆ ಸಿಕ್ಕಿದ್ದು ಏನು ಅನ್ನುವುದು ಆರನೇ ಹಂತದಲ್ಲಿ ಬರುತ್ತದೆ.

ಯಾರ ಕೆಲಸ ಯಾವುದು

ಬ್ಯಾಟರಿಯ ದೊಡ್ಡ ಕೆಲಸ ಸೆಲ್ಫ್, ಅಂದರೆ ಎಂಜಿನ್ ಎಬ್ಬಿಸುವ ಮೋಟರ್, ತಿರುಗಿಸುವುದು. ಕೆಲವೇ ಸೆಕೆಂಡು, ಆದರೆ ನೂರಕ್ಕೂ ಜಾಸ್ತಿ ಆಂಪಿಯರ್ ಎಳೆಯುತ್ತದೆ. ಎಂಜಿನ್ ಚಾಲೂ ಆದ ಮೇಲೆ ಮನೆ ನಡೆಸುವುದು ಆಲ್ಟರ್ನೇಟರ್. ನಮ್ಮ ಕಡೆ ಹಳಬರು ಇನ್ನೂ ಡೈನಮೋ ಅಂತಾರೆ. ಬೆಲ್ಟಿನಿಂದ ತಿರುಗಿ ಕರೆಂಟ್ ಹುಟ್ಟಿಸುತ್ತದೆ, ಲೈಟು, ಏಸಿ, ಫ್ಯಾನ್ ಎಲ್ಲಕ್ಕೂ ಕೊಟ್ಟು, ಉಳಿದಿದ್ದನ್ನು ಬ್ಯಾಟರಿಗೆ ತುಂಬುತ್ತದೆ. ಇವೆರಡರ ನಡುವೆ ತಂತಿ, ಫ್ಯೂಸ್, ಅರ್ಥಿಂಗ್ (ಗಾಡಿಯ ಲೋಹದ ಮೈ ಮೂಲಕ ಕರೆಂಟ್ ಮೈನಸ್‌ಗೆ ವಾಪಸ್ ಬರುವ ದಾರಿ) ಇವೆ. ಆದ್ದರಿಂದ ಗಾಡಿ ಚಾಲೂ ಆಗಲಿಲ್ಲ ಅಂದರೆ ಅನುಮಾನ ಪಡಬೇಕಾದವರು ನಾಲ್ವರು: ಬ್ಯಾಟರಿ, ಆಲ್ಟರ್ನೇಟರ್, ನಡುವಿನ ತಂತಿ, ಮತ್ತು ಗಾಡಿ ನಿಂತಾಗಲೂ ಕದ್ದು ಕರೆಂಟ್ ತಿನ್ನುವ ಯಾವುದೋ ಒಂದು ಸಾಮಾನು. ನಾಲ್ವರಲ್ಲಿ ಯಾರು ಕೆಟ್ಟರೂ ಬೆಳಿಗ್ಗೆ ಕಾಣಿಸುವುದು ಮಾತ್ರ ಒಂದೇ, ಬ್ಯಾಟರಿ ಡೌನ್. ಅದಕ್ಕೇ ಎಲ್ಲರೂ ಬ್ಯಾಟರಿಯನ್ನೇ ಬೈಯುವುದು.

ಇನ್ನೊಂದು ಮಾತು. ಚಳಿಗಾಲದಲ್ಲಿ ಬ್ಯಾಟರಿ ಸಾಯುತ್ತದೆ ಅನ್ನುವ ನಂಬಿಕೆ ಇದೆ. ನಮ್ಮ ಊರಲ್ಲಿ ಅದನ್ನು ಕೊಲ್ಲುವುದು ಏಪ್ರಿಲ್, ಮೇ ತಿಂಗಳ ಬಿಸಿಲು. 40 ಡಿಗ್ರಿ ದಾಟಿದ ದಿನ ಬಾನೆಟ್ ಒಳಗಿನ ಬಿಸಿ ಇನ್ನೂ ಜಾಸ್ತಿ. ಆ ಬಿಸಿಗೆ ನೀರು ಆರುತ್ತದೆ, ಒಳಗಿನ ಪ್ಲೇಟುಗಳು ಸವೆಯುತ್ತವೆ. ಎಂಜಿನ್ ಎಣ್ಣೆ ದಪ್ಪಗಾಗಿ ಸೆಲ್ಫ್‌ಗೆ ಜಾಸ್ತಿ ಜೋರು ಬೇಕಾಗುವುದು ಡಿಸೆಂಬರ್, ಜನವರಿಯ ಬೆಳಿಗ್ಗೆ. ಸಿದ್ಧೇಶ್ವರ ಜಾತ್ರೆ ಹೊತ್ತಿಗೆ ಓಣಿಯಲ್ಲಿ ಗಾಡಿ ದೂಡುವವರು ಕಾಣುವುದು ಅದಕ್ಕೇ. ಪೆಟ್ಟು ಬಿದ್ದಿದ್ದು ಏಳೆಂಟು ತಿಂಗಳ ಹಿಂದೆ.

ಏನೇನು ಬೇಕು, ಏನು ಮಾಡಬಾರದು

ಒಂದು ಡಿಜಿಟಲ್ ಮಲ್ಟಿಮೀಟರ್ ಬೇಕು, ಐದುನೂರು ರೂಪಾಯಿ ಒಳಗೆ ಸಿಗುತ್ತದೆ. 10 ನಂಬರಿನ ಪಾನಾ, ಒಂದು ಹಳೆ ಹಲ್ಲುಜ್ಜುವ ಬ್ರಷ್, ಅಡುಗೆ ಸೋಡಾ, ಸ್ವಲ್ಪ ವ್ಯಾಸಲೀನ್, ಟಾರ್ಚು. ಬ್ಯಾಟರಿಗೆ ನೀರು ಹಾಕುವ ಮುಚ್ಚಳ ಇದ್ದರೆ ಒಂದು ಹೈಡ್ರೋಮೀಟರ್, ಅಂದರೆ ಒಳಗಿನ ಆಸಿಡ್ ಎಷ್ಟು ಗಟ್ಟಿ ಅಂತ ಅಳೆಯುವ ಕೊಳವೆ. ಇಷ್ಟೇ.

ಮೀಟರಿನ ಕಪ್ಪು ತಂತಿ 'ಕಾಮ್' ತೂತಿಗೆ, ಕೆಂಪು ತಂತಿ ವೋಲ್ಟ್ ತೂತಿಗೆ. ಗುಂಡಿಯನ್ನು ಡಿಸಿ 20 ವೋಲ್ಟ್‌ಗೆ ತಿರುಗಿಸಿ. ಕೆಂಪು ಮೊನೆ ಪ್ಲಸ್‌ಗೆ, ಕಪ್ಪು ಮೊನೆ ಮೈನಸ್‌ಗೆ. ತಿರುಗಾಮುರುಗಾ ಹಿಡಿದರೆ ಅಂಕಿಯ ಹಿಂದೆ ಮೈನಸ್ ಗುರುತು ಬರುತ್ತದೆ, ಹೆದರಬೇಡಿ.

ಹೆದರಬೇಕಾದ್ದು ಬೇರೆ ಇದೆ. ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಗ್ಯಾಸ್ ಬಿಡುತ್ತದೆ. ಬೀಡಿ, ಬೆಂಕಿಕಡ್ಡಿ ಹತ್ತಿರ ಬೇಡ. ಕೈಯಲ್ಲಿನ ಉಂಗುರ, ಕಡಗ ತೆಗೆದಿಡಿ. ಪಾನಾ ಪ್ಲಸ್‌ನಿಂದ ಗಾಡಿಯ ಲೋಹದ ಮೈಗೆ ತಾಗಿದರೆ ಕೆಂಡದ ಹಾಗೆ ಕೆಂಪಗಾಗುತ್ತದೆ. ಬಿಚ್ಚುವಾಗ ಮೈನಸ್ ಮೊದಲು, ಕೂಡಿಸುವಾಗ ಮೈನಸ್ ಕೊನೆಗೆ. ಒಳಗಿನದು ಆಸಿಡ್, ಮೈಗೆ ಕಣ್ಣಿಗೆ ಸಿಡಿದರೆ ತಡಮಾಡದೆ ಧಾರಾಳವಾಗಿ ನೀರು ಹಾಕಿ, ಕಣ್ಣಾದರೆ ಡಾಕ್ಟರ ಹತ್ತಿರ ಓಡಿ.

ಮತ್ತೆ, ಕೆಲವು ಮೆಕ್ಯಾನಿಕ್‌ಗಳು ಇವತ್ತಿಗೂ ಮಾಡುವ ಒಂದು 'ಪರೀಕ್ಷೆ' ಇದೆ. ಎಂಜಿನ್ ಚಾಲೂ ಇದ್ದಾಗಲೇ ಬ್ಯಾಟರಿ ತಂತಿ ಬಿಚ್ಚುವುದು, ಗಾಡಿ ಬಂದ್ ಆಗದಿದ್ದರೆ ಡೈನಮೋ ಚೆನ್ನಾಗಿದೆ ಅನ್ನುವುದು. ಹಳೆಯ ಅಂಬಾಸಿಡರ್ ಕಾಲದಲ್ಲಿ ನಡೆದಿರಬಹುದು. ಈಗಿನ ಗಾಡಿಯಲ್ಲಿ ಬ್ಯಾಟರಿ ಕಳಚಿದ ಕ್ಷಣ ವೋಲ್ಟೇಜ್ ಹತ್ತಾರು ವೋಲ್ಟ್ ಮೇಲಕ್ಕೆ ಚಿಮ್ಮುತ್ತದೆ. ಎಂಜಿನ್ನಿನ ಕಂಪ್ಯೂಟರ್ ಸುಟ್ಟರೆ ಅದರ ಬೆಲೆಗೆ ಹಲವಾರು ಬ್ಯಾಟರಿ ಬರುತ್ತವೆ. ನಿಮ್ಮ ಗಾಡಿಗೆ ಹಾಗೆ ಮಾಡಲು ಬಂದವರ ಕೈ ಹಿಡಿಯಿರಿ.

1. ಮೊದಲು ಕಿವಿಗೊಟ್ಟು ಕೇಳಿ

ಹೆಡ್‌ಲೈಟ್ ಹಾಕಿ, ಗೋಡೆ ಕಡೆ ನೋಡುತ್ತ ಕೀ ತಿರುಗಿಸಿ.

'ಕಟಕಟಕಟ' ಅಂತ ಬೇಗಬೇಗ ಸದ್ದು ಬಂದು ಲೈಟು ಮಂಕಾದರೆ ಕರೆಂಟ್ ಸಾಲುತ್ತಿಲ್ಲ ಅಂತ ಅರ್ಥ. ಬ್ಯಾಟರಿ ಖಾಲಿ ಇರಬಹುದು ಅಥವಾ ಟರ್ಮಿನಲ್ (ಬ್ಯಾಟರಿಯ ಕಂಬಕ್ಕೆ ತಂತಿ ಕೂಡುವ ಹಿಡಿ) ಸಡಿಲ ಇರಬಹುದು.

ಒಂದೇ ಒಂದು ಸಲ ಜೋರಾಗಿ 'ಟಕ್' ಅಂದು, ಲೈಟು ಇದ್ದ ಹಾಗೇ ಝಗಮಗ ಇದ್ದರೆ ಅನುಮಾನ ಸೆಲ್ಫ್ ಮೋಟರಿನ ಮೇಲೆ. ಬ್ಯಾಟರಿ ಬದಲಿಸಿ ಉಪಯೋಗವಿಲ್ಲ.

ಲೈಟು ಚೆನ್ನಾಗಿದೆ, ಸದ್ದೇ ಇಲ್ಲ ಅಂದರೆ ಕ್ಲಚ್ ಪೂರ್ತಿ ಒತ್ತಿದ್ದೀರಾ, ಆಟೊಮ್ಯಾಟಿಕ್ ಆದರೆ ಗೇರು ಪಾರ್ಕಿನಲ್ಲಿದೆಯಾ ನೋಡಿ. ಕೀಯ ಇಮ್ಮೊಬಿಲೈಸರ್ (ಬೇರೆ ಕೀಗೆ ಎಂಜಿನ್ ಏಳದ ಹಾಗೆ ತಡೆಯುವ ಬೀಗ) ದೀಪ ಮಿಣುಕುತ್ತಿದೆಯಾ ನೋಡಿ. ಸೆಲ್ಫ್ ಜೋರಾಗಿ ತಿರುಗುತ್ತಿದೆ, ಎಂಜಿನ್ ಮಾತ್ರ ಹತ್ತುತ್ತಿಲ್ಲ ಅಂದರೆ ಈ ಬರಹ ನಿಮಗಲ್ಲ. ಅದು ಪೆಟ್ರೋಲು, ಡೀಸೆಲ್, ಸ್ಪಾರ್ಕಿನ ಕಥೆ.

ಇನ್ನು ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ದೀಪ. ಹೆಸರಿಗೆ ಬ್ಯಾಟರಿ ದೀಪ, ನಿಜಕ್ಕೂ ಹೇಳುವುದು ಚಾರ್ಜಿಂಗ್ ಬಗ್ಗೆ. ಕೀ ಆನ್ ಮಾಡಿದಾಗ ಹತ್ತಬೇಕು, ಎಂಜಿನ್ ಚಾಲೂ ಆದ ಕೂಡಲೇ ಆರಬೇಕು. ಓಡುವಾಗ ಹತ್ತಿದರೆ ಆಲ್ಟರ್ನೇಟರ್ ಕೆಲಸ ನಿಲ್ಲಿಸಿದೆ ಅಥವಾ ಬೆಲ್ಟ್ ಹರಿದಿದೆ. ಕೆಲವು ಗಾಡಿಗಳಲ್ಲಿ ಅದೇ ಬೆಲ್ಟ್ ನೀರಿನ ಪಂಪನ್ನೂ ತಿರುಗಿಸುತ್ತದೆ. ದೀಪದ ಜೊತೆ ಎಂಜಿನ್ ಬಿಸಿಯ ಮುಳ್ಳೂ ಏರುತ್ತಿದ್ದರೆ ಅಲ್ಲೇ ನಿಲ್ಲಿಸಿ. ಕೀ ಆನ್ ಮಾಡಿದರೂ ದೀಪ ಹತ್ತುವುದೇ ಇಲ್ಲ ಅಂದರೆ ಅದೂ ಒಳ್ಳೆಯ ಲಕ್ಷಣವಲ್ಲ. ಕೆಲವು ಗಾಡಿಗಳಲ್ಲಿ ಆಲ್ಟರ್ನೇಟರ್ ಎಬ್ಬಿಸುವ ಕರೆಂಟ್ ಹೋಗುವುದೇ ಆ ದೀಪದ ದಾರಿಯಲ್ಲಿ.

2. ಬಾನೆಟ್ ಎತ್ತಿ ನೋಡಿ

ಅರ್ಧ ಸಮಸ್ಯೆ ಇಲ್ಲೇ ಸಿಗುತ್ತದೆ. ಟರ್ಮಿನಲ್ ಹಿಡಿದು ಕೈಯಿಂದ ತಿರುವಿ ನೋಡಿ. ಅಲ್ಲಾಡಬಾರದು. ಅದರ ಮೇಲೆ ಬಿಳಿ ಅಥವಾ ಹಸಿರುನೀಲಿ ಪುಡಿ ಬೆಳೆದಿದ್ದರೆ ಕರೆಂಟ್ ದಾಟುವುದಿಲ್ಲ. ಮೈನಸ್ ಮೊದಲು, ಆಮೇಲೆ ಪ್ಲಸ್ ಬಿಚ್ಚಿ. ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಬ್ರಷ್‌ನಿಂದ ತಿಕ್ಕಿ. ಮಿರ್ಚಿ ಬಜಿ ಎಣ್ಣೆಗೆ ಬಿಟ್ಟ ಹಾಗೆ ನೊರೆ ಬರುತ್ತದೆ. ಆ ನೀರು ಬ್ಯಾಟರಿಯ ಮುಚ್ಚಳದೊಳಗೆ ಇಳಿಯದ ಹಾಗೆ ನೋಡಿಕೊಳ್ಳಿ. ಒರೆಸಿ, ಒಣಗಿಸಿ, ಲೋಹ ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿ. ಮೊದಲು ಬಿಗಿ, ಆಮೇಲೆ ವ್ಯಾಸಲೀನ್. ತಿರುಗಾ ಮಾಡುವವರನ್ನು ನೋಡಿದ್ದೇನೆ.

ಬ್ಯಾಟರಿಯ ಮೈ ಉಬ್ಬಿದ್ದರೆ, ಸೀಳಿದ್ದರೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತಿದ್ದರೆ ಅದರ ಮೇಲೆ ಯಾವ ಪರೀಕ್ಷೆಯೂ ಬೇಡ, ಬದಲಿಸುವುದೇ. ಆದರೆ ಹಾಗೆ ಆಗಿದ್ದು ಯಾಕೆ ಅಂತ ಐದನೇ ಹಂತ ಮಾಡಿ ನೋಡಿ. ಜಾಸ್ತಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಹೊಸದನ್ನೂ ಬೇಯಿಸಿಬಿಡುತ್ತದೆ.

ನೀರು ಹಾಕುವ ಬ್ಯಾಟರಿ ಆದರೆ ಆರೂ ಮುಚ್ಚಳ ತೆಗೆದು ನೋಡಿ. ಪ್ಲೇಟುಗಳು ಮುಳುಗಿರಬೇಕು. ಹಾಕುವುದು ಡಿಸ್ಟಿಲ್ಡ್ ವಾಟರ್ ಮಾತ್ರ. ನಮ್ಮ ಬೋರಿನ ನೀರನ್ನು ಪಾತ್ರೆಯಲ್ಲಿ ಕಾಯಿಸಿದರೆ ತಳದಲ್ಲಿ ಬಿಳಿ ಪದರ ಕೂಡುತ್ತದೆ ಅಲ್ವಾ, ಅದೇ ಪದರ ಪ್ಲೇಟಿನ ಮೇಲೂ ಕೂಡುತ್ತದೆ. ಆರ್‌ಓ ನೀರೂ ಡಿಸ್ಟಿಲ್ಡ್ ನೀರಲ್ಲ. ಆಸಿಡ್ ಅಂತೂ ಹಾಕಲೇಬೇಡಿ. ಆರುವುದು ನೀರು, ಆಸಿಡ್ ಒಳಗೇ ಇರುತ್ತದೆ.

ಬೆಲ್ಟ್ ಕಡೆಯೂ ಒಮ್ಮೆ ಟಾರ್ಚ್ ಬಿಡಿ. ಬಿರುಕು, ಹೊಳಪು, ಎಣ್ಣೆ ಇದೆಯಾ? ಬೆಳಿಗ್ಗೆ ಚಾಲೂ ಮಾಡಿದ ಕೂಡಲೇ 'ಕೀಂಯ್' ಅಂತ ಕಿರುಚುತ್ತಿದ್ದರೆ ಬೆಲ್ಟ್ ಜಾರುತ್ತಿದೆ. ಜಾರುವ ಬೆಲ್ಟ್ ಆಲ್ಟರ್ನೇಟರನ್ನು ಪೂರ್ತಿ ತಿರುಗಿಸುವುದಿಲ್ಲ.

3. ನಿಂತ ಗಾಡಿಯ ವೋಲ್ಟೇಜ್

ಇದನ್ನು ಬೆಳಿಗ್ಗೆ ಎದ್ದ ಮೇಲೆ, ಗಾಡಿ ಮುಟ್ಟುವ ಮೊದಲು ನೋಡಬೇಕು. ಈಗಷ್ಟೇ ಓಡಿಸಿ ಬಂದು ನೋಡಿದರೆ ಬ್ಯಾಟರಿ ಸುಳ್ಳು ಹೇಳುತ್ತದೆ. ಚಾರ್ಜಿನ ಮೇಲ್ಪದರ ಉಳಿದಿರುತ್ತದೆ, 12.9 ಕೂಡ ತೋರಿಸಬಹುದು. ಕಾಯಲು ಆಗದಿದ್ದರೆ ಎಂಜಿನ್ ಬಂದ್ ಮಾಡಿ ಎರಡು ನಿಮಿಷ ಹೆಡ್‌ಲೈಟ್ ಹಾಕಿ, ಆರಿಸಿ, ಐದು ನಿಮಿಷ ಬಿಟ್ಟು ನೋಡಿ.

12.6 ಅಥವಾ ಮೇಲಿದ್ದರೆ ಬ್ಯಾಟರಿ ತುಂಬಿದೆ. 12.4 ಅಂದರೆ ಸುಮಾರು ಮುಕ್ಕಾಲು. 12.2 ಅಂದರೆ ಅರ್ಧ. 12.0 ಅಂದರೆ ಕಾಲು ಭಾಗ. 11.9ಕ್ಕಿಂತ ಕೆಳಗೆ ಹೋದರೆ ಖಾಲಿ ಅಂತಲೇ ಲೆಕ್ಕ. ನೋಡಿ, ತುಂಬಿದ್ದಕ್ಕೂ ಖಾಲಿಗೂ ನಡುವೆ ಮುಕ್ಕಾಲು ವೋಲ್ಟ್ ಕೂಡ ಅಂತರವಿಲ್ಲ. '12 ವೋಲ್ಟ್ ಬ್ಯಾಟರಿ, 12 ತೋರಿಸುತ್ತಿದೆ, ಸರಿಯಿದೆ' ಅಂತ ನಾನೂ ಒಂದು ಕಾಲದಲ್ಲಿ ಅಂದುಕೊಂಡಿದ್ದೆ.

10.5ರ ಆಸುಪಾಸು ಬಂದು, ರಾತ್ರಿಯಿಡೀ ಚಾರ್ಜ್ ಮಾಡಿದರೂ ಮೇಲೆ ಏಳುತ್ತಿಲ್ಲ ಅಂದರೆ ಆರು ಸೆಲ್‌ಗಳಲ್ಲಿ ಒಂದು ಸತ್ತಿದೆ. ಒಂದೊಂದು ಸೆಲ್ 2.1 ವೋಲ್ಟ್ ಕೊಡುತ್ತದೆ, ಒಂದು ಕಳೆದರೆ ಉಳಿಯುವುದು ಅಷ್ಟೇ. ಹೈಡ್ರೋಮೀಟರ್ ಇದ್ದರೆ ಇದು ಇನ್ನೂ ಸ್ಪಷ್ಟ. ತುಂಬಿದ ಸೆಲ್ 1.250ರಿಂದ 1.280ರ ನಡುವೆ ತೋರಿಸುತ್ತದೆ. ಐದು ಸೆಲ್ ಹಾಗಿದ್ದು, ಒಂದು ಮಾತ್ರ 0.050ಕ್ಕಿಂತ ಜಾಸ್ತಿ ಕೆಳಗಿದ್ದರೆ ಬ್ಯಾಟರಿ ಹೋಗಿದೆ. ಆರೂ ಒಂದೇ ಸಮ ಕಡಿಮೆ ಇದ್ದರೆ ಅದು ಬರೀ ಹಸಿದಿದೆ, ಚಾರ್ಜ್ ಮಾಡಿ.

ಇಲ್ಲಿ ನಿಂತು ಯೋಚಿಸಬೇಕಾದ್ದು ಒಂದಿದೆ. ಖಾಲಿಯಾದ ಬ್ಯಾಟರಿ ಬೇರೆ, ಕೆಟ್ಟ ಬ್ಯಾಟರಿ ಬೇರೆ. ಖಾಲಿಯಾದದ್ದನ್ನು ಚಾರ್ಜರಿಗೆ ಹಾಕಿ: 35 ಆಂಪಿಯರ್-ಅವರ್ (ಬ್ಯಾಟರಿ ಎಷ್ಟು ಕರೆಂಟ್ ಹಿಡಿಯುತ್ತದೆ ಅನ್ನುವ ಅಳತೆ) ಬ್ಯಾಟರಿ ಆದರೆ ಮೂರು ಮೂರೂವರೆ ಆಂಪಿಯರ್‌ನಲ್ಲಿ ಹತ್ತು ಹನ್ನೆರಡು ತಾಸು. ಆಮೇಲೆ ಒಂದು ರಾತ್ರಿ ಬಿಟ್ಟು ಮತ್ತೆ ಅಳೆಯಿರಿ. ಹಾಗೇ ಖಾಲಿ ಬಿಟ್ಟರೆ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತು, ಒಳ್ಳೆಯ ಬ್ಯಾಟರಿಯೂ ನಿಜವಾಗಿ ಕೆಡುತ್ತದೆ. 'ಆಲ್ಟರ್ನೇಟರ್ ಇದೆಯಲ್ಲ, ಅದೇ ತುಂಬುತ್ತದೆ' ಅಂತ ಬಿಡಬೇಡಿ. ಮನೆಯಿಂದ ಗಾಂಧಿ ಚೌಕಕ್ಕೆ, ಗಾಂಧಿ ಚೌಕದಿಂದ ಮನೆಗೆ ಓಡಿಸಿದರೆ ಸೆಲ್ಫ್ ತಿಂದದ್ದೂ ವಾಪಸ್ ಬರುವುದು ಕಷ್ಟ.

4. ಸೆಲ್ಫ್ ಹೊಡೆಯುವಾಗ

ಮೀಟರ್ ಬ್ಯಾಟರಿಗೇ ಹಚ್ಚಿಟ್ಟು, ಒಬ್ಬರನ್ನು ಒಳಗೆ ಕೂಡಿಸಿ ಸೆಲ್ಫ್ ಹೊಡೆಯಲು ಹೇಳಿ. ಅಂಕಿ ದಡಕ್ಕನೆ ಇಳಿದು ಮತ್ತೆ ಏಳುತ್ತದೆ. ಇಳಿದ ಅಂಕಿ ನೋಡಿ. ನಮ್ಮ ಕಡೆಯ ಸೆಕೆಗೆ ಗಟ್ಟಿ ಬ್ಯಾಟರಿ 10ರ ಮೇಲೇ ನಿಲ್ಲುತ್ತದೆ. 9.6ಕ್ಕಿಂತ ಕೆಳಗೆ ಹೋದರೆ, ಅದೂ ಹಿಂದಿನ ಹಂತದಲ್ಲಿ 12.6 ತೋರಿಸಿದ ಬ್ಯಾಟರಿ ಹೀಗೆ ಬಿದ್ದರೆ, ಅದರ ಒಳಗೆ ಜೋರಿಲ್ಲ. ಅರ್ಧ ಖಾಲಿ ಬ್ಯಾಟರಿಯ ಮೇಲೆ ಈ ಪರೀಕ್ಷೆ ಮಾಡಿ ತೀರ್ಪು ಕೊಡಬೇಡಿ. ಅಂಗಡಿಯಲ್ಲಿ ಲೋಡ್ ಟೆಸ್ಟರ್ (ಬ್ಯಾಟರಿಯಿಂದ ಜೋರಾಗಿ ಕರೆಂಟ್ ಎಳೆದು ನೋಡುವ ಯಂತ್ರ) ಹಚ್ಚಿದರೂ ಅಷ್ಟೇ, ಮೊದಲು ಚಾರ್ಜ್, ಆಮೇಲೆ ಟೆಸ್ಟ್ ಅಂತ ಹೇಳಿ.

ವೋಲ್ಟೇಜ್ 11ರ ಮೇಲೇ ಇದೆ, ಆದರೂ ಸೆಲ್ಫ್ ಏಳಲಾರದೆ ತಿರುಗುತ್ತಿದೆ ಅಂದರೆ ಬ್ಯಾಟರಿಯ ತಪ್ಪಿಲ್ಲ. ಕರೆಂಟ್ ದಾರಿಯಲ್ಲೇ ಎಲ್ಲೋ ಸಿಕ್ಕಿಕೊಂಡಿದೆ. ಎಂಜಿನ್ನಿನಿಂದ ಗಾಡಿಯ ಲೋಹದ ಮೈಗೆ ಹೋಗುವ ಅರ್ಥಿಂಗ್ ಪಟ್ಟಿ ನೋಡಿ.

5. ಎಂಜಿನ್ ಚಾಲೂ ಇದ್ದಾಗ

ಈಗ ಆಲ್ಟರ್ನೇಟರಿನ ಸರದಿ. ತಂತಿ, ತೋಳು, ಓಢಣಿ, ಟವೆಲ್ ಯಾವುದೂ ಬೆಲ್ಟ್ ಮತ್ತು ಫ್ಯಾನಿನ ಹತ್ತಿರ ಹೋಗಬಾರದು. ಫ್ಯಾನು ಹೇಳದೆ ಕೇಳದೆ ತಿರುಗುತ್ತದೆ.

ಎಲ್ಲ ಆಫ್ ಇಟ್ಟು ಬ್ಯಾಟರಿಯ ಮೇಲೆ ಅಳೆಯಿರಿ. 13.8ರಿಂದ 14.7ರ ನಡುವೆ ಬಂದರೆ ಆರಾಮ. ಈಗ ಹೆಡ್‌ಲೈಟ್ ಹೈ ಬೀಮ್, ಏಸಿ ಫ್ಯಾನ್ ನಾಲ್ಕಕ್ಕೆ, ಹಿಂದಿನ ಗಾಜಿನ ಹೀಟರ್ ಇದ್ದರೆ ಅದನ್ನೂ ಹಾಕಿ, ಆಕ್ಸಿಲರೇಟರ್ ಸ್ವಲ್ಪ ಒತ್ತಿ 1500ರಿಂದ 2000 ಆರ್‌ಪಿಎಂನಲ್ಲಿ ಹಿಡಿಯಿರಿ. ಆಗಲೂ 13.5ರ ಆಸುಪಾಸು ನಿಲ್ಲಬೇಕು. 13ರ ಕೆಳಗೆ ಜಾರಿ, ಹಾಗೇ ಇಳಿಯುತ್ತ ಹೋದರೆ ಚಾರ್ಜಿಂಗ್ ಸಾಲುತ್ತಿಲ್ಲ. ಚಾಲೂ ಮಾಡಿದ ಮೇಲೂ 12.4, 12.3, 12.2 ಅಂತ ಇಳಿಯುತ್ತಿದ್ದರೆ ಗಾಡಿ ಓಡುತ್ತಿರುವುದು ಬರೀ ಬ್ಯಾಟರಿಯ ಮೇಲೆ.

15 ದಾಟಿದರೆ ಎದುರು ಕಾಯಿಲೆ: ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್ ಹೋಗಿದೆ. ನಮ್ಮ ಎಲೆಕ್ಟ್ರಿಷಿಯನ್‌ಗಳ ಬಾಯಲ್ಲಿ 'ಐಸಿ'. ಬಲ್ಬು ಪದೇ ಪದೇ ಸುಡುವುದು, ಬ್ಯಾಟರಿ ನೀರು ಬೇಗ ಆರುವುದು ಇದರ ಸುಳಿವು.

ಒಂದು ಎಚ್ಚರ. ಈಚಿನ ಹಲವು ಗಾಡಿಗಳಲ್ಲಿ ಮೈಲೇಜ್ ಉಳಿಸಲು ಕಂಪ್ಯೂಟರೇ ಆಲ್ಟರ್ನೇಟರನ್ನು ಆಡಿಸುತ್ತದೆ. ಬ್ಯಾಟರಿ ತುಂಬಿದ್ದರೆ 12.8ಕ್ಕೆ ಇಳಿಸಿ ಸುಮ್ನೆ ಇರುತ್ತದೆ, ಬ್ರೇಕ್ ಒತ್ತಿದಾಗ 14.8ಕ್ಕೆ ಏರಿಸುತ್ತದೆ. ಅಂಥ ಗಾಡಿಯಲ್ಲಿ ಒಂದು ಅಂಕಿ ನೋಡಿ ಕೆಟ್ಟಿದೆ ಅನ್ನಬೇಡಿ. ಹೆಡ್‌ಲೈಟ್ ಹಾಕಿ ಸ್ವಲ್ಪ ಹೊತ್ತು ನೋಡಿ, ಏರಿದರೆ ಅದು ಬದುಕಿದೆ.

ಆಲ್ಟರ್ನೇಟರಿನ ಡಯೋಡ್ (ಕರೆಂಟನ್ನು ಒಂದೇ ಕಡೆ ಬಿಡುವ ಬಿಡಿಭಾಗ) ಕೆಟ್ಟಿದೆಯಾ ಅಂತಲೂ ಇಲ್ಲೇ ನೋಡಬಹುದು. ಮೀಟರನ್ನು ಎಸಿ (ತಂಪಿನ ಏಸಿ ಅಲ್ಲ, ದಿಕ್ಕು ಬದಲಿಸುವ ಕರೆಂಟ್) ವೋಲ್ಟ್‌ಗೆ ತಿರುಗಿಸಿ ಬ್ಯಾಟರಿಗೇ ಹಚ್ಚಿ. 0.5ಕ್ಕಿಂತ ಜಾಸ್ತಿ ಬಂದರೆ ಡಯೋಡ್ ಪ್ಲೇಟ್ ಮೇಲೆ ಅನುಮಾನ. ಆದರೆ ತೀರಾ ಅಗ್ಗದ ಮೀಟರ್‌ಗಳು ಎಸಿಯಲ್ಲಿ ಡಿಸಿಯನ್ನೂ ಸೇರಿಸಿ 28, 30 ಅಂತ ಏನೇನೋ ತೋರಿಸುತ್ತವೆ. ಎಂಜಿನ್ ಬಂದ್ ಇದ್ದಾಗಲೂ ಹಾಗೇ ತೋರಿಸಿದರೆ ಆ ಮೀಟರಿನ ಮಾತು ಕೇಳಬೇಡಿ. ರೇಡಿಯೊದಲ್ಲಿ ಆಕ್ಸಿಲರೇಟರ್ ಜೊತೆ ಏರಿಳಿಯುವ 'ಊಂಯ್' ಸದ್ದು ಬಂದರೆ ಅದೂ ಡಯೋಡಿನದೇ ಇರಬಹುದು.

6. ತಂತಿಯಲ್ಲಿ ಕಳೆದುಹೋಗುವ ವೋಲ್ಟೇಜ್

ಯಾರೂ ಮಾಡದ ಪರೀಕ್ಷೆ ಇದು. ನನ್ನ ಗಾಡಿಯ ಕಳ್ಳ ಸಿಕ್ಕಿದ್ದೂ ಇಲ್ಲೇ.

ಅವತ್ತು ಕಾಕಾ ಬ್ಯಾಟರಿ ಮೇಲೆ ಅಳೆದಾಗ ಲೈಟು, ಫ್ಯಾನ್ ಹಾಕಿ 12.8 ಬಂತು. ನಾನು, "ಡೈನಮೋ ಹೋಗೇತೇನ್ರಿ ಕಾಕಾ?" ಅಂದೆ. ಅವರು ಉತ್ತರ ಕೊಡದೆ ಕೆಂಪು ಮೊನೆಯನ್ನು ಬ್ಯಾಟರಿಯಿಂದ ತೆಗೆದು, ಆಲ್ಟರ್ನೇಟರಿನ ಹಿಂದಿನ ದಪ್ಪ ಬೋಲ್ಟಿನ ತುದಿಗೆ ಹಿಡಿದರು. 14.4! ಅಲ್ಲಿ ಹುಟ್ಟಿದ್ದು 14.4, ಇಲ್ಲಿ ಮುಟ್ಟಿದ್ದು 12.8. ನಡುವೆ 1.6 ವೋಲ್ಟ್ ಎಲ್ಲಿ ಹೋಯಿತು?

ನೀವೂ ಹೀಗೆ ಮಾಡಿ. ಎಂಜಿನ್ ಚಾಲೂ, ಲೈಟು ಫ್ಯಾನ್ ಆನ್. ಮೀಟರಿನ ಒಂದು ಮೊನೆ ಆಲ್ಟರ್ನೇಟರಿನ ಪ್ಲಸ್ ಬೋಲ್ಟಿಗೆ, ಇನ್ನೊಂದು ಬ್ಯಾಟರಿಯ ಪ್ಲಸ್ ಕಂಬಕ್ಕೆ. ಹೌದು, ಎರಡೂ ಪ್ಲಸ್‌ಗೇ. 0.2 ಒಳಗೆ ಬರಬೇಕು. ಆಮೇಲೆ ಒಂದು ಮೊನೆ ಆಲ್ಟರ್ನೇಟರಿನ ಲೋಹದ ಮೈಗೆ, ಇನ್ನೊಂದು ಬ್ಯಾಟರಿಯ ಮೈನಸ್‌ಗೆ. ಇಲ್ಲೂ 0.2ಕ್ಕಿಂತ ಕಡಿಮೆ. ಪ್ಲಸ್ ಕಡೆ ಜಾಸ್ತಿ ಬಂದರೆ ಪ್ಲಸ್ ತಂತಿ, ಅದರ ಥಿಂಬಲ್ (ತಂತಿಯ ತುದಿಯಲ್ಲಿ ಬೋಲ್ಟಿಗೆ ಕೂಡುವ ಲೋಹದ ಬಳೆ), ನಡುವಿನ ದಪ್ಪ ಫ್ಯೂಸ್ ನೋಡಿ. ಮೈನಸ್ ಕಡೆ ಜಾಸ್ತಿ ಬಂದರೆ ಅರ್ಥಿಂಗ್ ಪಟ್ಟಿ, ಅದರ ಬೋಲ್ಟಿನ ಕೆಳಗಿನ ತುಕ್ಕು.

ನನ್ನದು ಪ್ಲಸ್ ಕಡೆ. ಬ್ಯಾಟರಿಯ ಮೈನಸ್ ಬಿಚ್ಚಿ (ಆ ಬೋಲ್ಟಿನಲ್ಲಿ ಎಂಜಿನ್ ಬಂದ್ ಇದ್ದರೂ ಬ್ಯಾಟರಿಯ ಕರೆಂಟ್ ಇರುತ್ತದೆ, ಮರೆಯಬೇಡಿ) ಕಾಕಾ ಆಲ್ಟರ್ನೇಟರಿನ ರಬ್ಬರ್ ಟೊಪ್ಪಿಗೆ ಸರಿಸಿದರು. ಟೊಪ್ಪಿಗೆಯ ಒಳಭಾಗ ಕರಗಿ, ಬೆಲ್ಲದ ಪಾಕ ಆರಿದ ಹಾಗೆ ಗಟ್ಟಿಯಾಗಿತ್ತು. ಥಿಂಬಲ್ ತಾಮ್ರದ ಬಣ್ಣ ಬಿಟ್ಟು ಕರ್ರಗಾಗಿತ್ತು. ನಟ್ ಬೆರಳಲ್ಲೇ ತಿರುಗಿತು. ಲೆಕ್ಕ ಹಾಕಿ: 30 ಆಂಪಿಯರ್ ಹರಿಯುವ ಜಾಗದಲ್ಲಿ 1.6 ವೋಲ್ಟ್ ಕಳೆದರೆ 48 ವಾಟ್ ಬಿಸಿ, ಒಂದು ಬೆರಳ ತುದಿಯಷ್ಟು ಜಾಗದಲ್ಲಿ. ಬೆಸುಗೆ ಕಡ್ಡಿ ಇಟ್ಟ ಹಾಗೆ.

ಬ್ಯಾಟರಿ ದೀಪ ಯಾಕೆ ಹತ್ತಲಿಲ್ಲ ಅನ್ನುವ ನನ್ನ ಪ್ರಶ್ನೆಗೂ ಅಲ್ಲೇ ಉತ್ತರ ಸಿಕ್ಕಿತು. ನನ್ನ ಗಾಡಿಯ ಆಲ್ಟರ್ನೇಟರ್ ತನ್ನ ಬಾಯಲ್ಲಿನ ವೋಲ್ಟೇಜನ್ನೇ ನೋಡಿಕೊಳ್ಳುತ್ತದೆ. ಅದಕ್ಕೆ 14.4 ಕಾಣುತ್ತಿತ್ತು, ಎಲ್ಲ ಸರಿಯಿದೆ ಅಂದುಕೊಂಡಿತ್ತು. ಹಳೆಯ ಬ್ಯಾಟರಿ ಹಸಿದು ಸತ್ತಿತ್ತು, ಹೊಸದೂ ಅದೇ ದಾರಿ ಹಿಡಿದಿತ್ತು. ಹೊಸ ಥಿಂಬಲ್, ಹೊಸ ನಟ್, ಒಂದು ಚೂರು ತಂತಿ. ಇನ್ನೂರು ರೂಪಾಯಿ, ಒಂದು ಕಪ್ ಚಹಾ. ಹಳೆಯ ಬ್ಯಾಟರಿಯನ್ನು ನಾನು ಆಗಲೇ ಬದಲಿಗೆ ಕೊಟ್ಟಾಗಿತ್ತು.

7. ರಾತ್ರಿ ಕದ್ದು ತಿನ್ನುವವರು

ಸಂಜೆ 12.6, ಬೆಳಿಗ್ಗೆ 12.1. ಚಾರ್ಜಿಂಗ್ ಸರಿ, ಬ್ಯಾಟರಿ ಸರಿ. ಅಂದರೆ ನಿಂತ ಗಾಡಿಯಲ್ಲಿ ಏನೋ ಕರೆಂಟ್ ಎಳೆಯುತ್ತಿದೆ. ಗಡಿಯಾರ, ರಿಮೋಟ್ ಲಾಕ್‌ಗೆ 20ರಿಂದ 50 ಮಿಲಿಆಂಪಿಯರ್ ಸಹಜ. 300 ಮಿಲಿಆಂಪಿಯರ್ ಎಳೆದರೆ ದಿನಕ್ಕೆ 7.2 ಆಂಪಿಯರ್-ಅವರ್, 35ರ ಸಣ್ಣ ಬ್ಯಾಟರಿ ಮೂರನೇ ದಿನಕ್ಕೆ ಕೈಯೆತ್ತುತ್ತದೆ.

ಅಳೆಯುವ ಕ್ರಮ ಹೀಗೆ. ಕೀ ತೆಗೆಯಿರಿ. ಬಟನ್ ಸ್ಟಾರ್ಟ್ ಗಾಡಿ ಆದರೆ ಕೀಯನ್ನು ಮನೆಯೊಳಗೆ ದೂರ ಇಡಿ. ಕಿಟಕಿ ಒಂದು ಇಳಿಸಿರಿ, ಗಾಡಿ ತಾನೇ ಲಾಕ್ ಆದರೆ ಫಜೀತಿ. ಬಾನೆಟ್ ತೆರೆದೇ ಇರಲಿ. ಮೀಟರಿನ ಕೆಂಪು ತಂತಿಯನ್ನು 10 ಆಂಪಿಯರ್ ತೂತಿಗೆ ಬದಲಿಸಿ, ಗುಂಡಿಯನ್ನೂ 10 ಆಂಪಿಯರ್‌ಗೆ ತಿರುಗಿಸಿ. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ಆ ತಂತಿಗೂ ಮೈನಸ್ ಕಂಬಕ್ಕೂ ನಡುವೆ ಮೀಟರ್ ಕೂಡಿಸಿ. ಈಗ ಬಾಗಿಲು ತೆಗೆಯುವುದು, ಕೀ ಹಾಕುವುದು, ಸೆಲ್ಫ್ ಹೊಡೆಯುವುದು ಏನೂ ಬೇಡ. ಸೆಲ್ಫ್ ಹೊಡೆದರೆ ಮೀಟರ್ ಅಲ್ಲೇ ಹೊಗೆ.

ಕೂಡಿಸಿದ ಕೂಡಲೇ ಒಂದೆರಡು ಆಂಪಿಯರ್ ಕಂಡರೆ ಗಾಬರಿ ಬೇಡ, ಗಾಡಿಯ ಕಂಪ್ಯೂಟರ್‌ಗಳು ಎಚ್ಚರ ಇವೆ. ಇಪ್ಪತ್ತರಿಂದ ನಲವತ್ತು ನಿಮಿಷ ಬಿಡಿ, ನಿದ್ದೆ ಹೋಗುತ್ತವೆ. ಆಮೇಲೆ 0.03 ಅಂತ ಬಂದರೆ ಅದು 30 ಮಿಲಿಆಂಪಿಯರ್, ಚಿಂತೆಯಿಲ್ಲ. 0.30 ಅಂತ ನಿಂತರೆ ಕಳ್ಳ ಇದ್ದಾನೆ. ಬಾನೆಟ್ ಒಳಗಿನ ಪೆಟ್ಟಿಗೆಯ ಫ್ಯೂಸ್‌ಗಳನ್ನು ಒಂದೊಂದೇ ಕಿತ್ತು, ಅಂಕಿ ನೋಡಿ, ವಾಪಸ್ ಹಾಕಿ. ಯಾವುದನ್ನು ಕಿತ್ತಾಗ ಅಂಕಿ ಬೀಳುತ್ತದೋ ಆ ಸಾಲಿನಲ್ಲಿ ಕಳ್ಳ. ಒಳಗಿನ ಫ್ಯೂಸ್ ಪೆಟ್ಟಿಗೆ ಮುಟ್ಟಬೇಕಾದರೆ ಪರೀಕ್ಷೆಗೆ ಮೊದಲೇ ಬಾಗಿಲು ತೆಗೆದು, ಅದರ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದ ಹಾಗೆ ಮಾಡಿಡಿ. ಮುಗಿದ ಮೇಲೆ ಆ ಕೊಂಡಿ ಬಿಡಿಸಲು ಮರೆತು ಬಾಗಿಲು ಜಗ್ಗಿ ಹಾಕಿದರೆ ಬಾಗಿಲಿಗೇ ಪೆಟ್ಟು.

ನನ್ನ ಅನುಭವದಲ್ಲಿ ಕಳ್ಳರು ಬಹುತೇಕ ಹೊರಗಿನಿಂದ ತಂದು ಹಾಕಿಸಿದವರೇ: ದೊಡ್ಡ ಸ್ಕ್ರೀನಿನ ಸ್ಟೀರಿಯೊ, ಜಿಪಿಎಸ್, ಡ್ಯಾಶ್ ಕ್ಯಾಮೆರಾ. ಅಣ್ಣನ ಗಾಡಿಯಲ್ಲಿ ಡಿಕ್ಕಿಯ ದೀಪ ಮುಚ್ಚಿದ ಮೇಲೂ ಉರಿಯುತ್ತಿತ್ತು. ಫೋನಿನ ಕ್ಯಾಮೆರಾ ಆನ್ ಮಾಡಿ ಒಳಗಿಟ್ಟು ಡಿಕ್ಕಿ ಮುಚ್ಚಿದೆವು, ವಿಡಿಯೊದಲ್ಲಿ ಸಾಕ್ಷಿ ಸಿಕ್ಕಿತು. ಯಾವ ಫ್ಯೂಸ್ ಕಿತ್ತರೂ ಅಂಕಿ ಬೀಳದಿದ್ದರೆ ಆಲ್ಟರ್ನೇಟರಿನ ಪ್ಲಸ್ ತಂತಿ ಬಿಚ್ಚಿ ನೋಡಿ. ಕೆಟ್ಟ ಡಯೋಡ್ ರಾತ್ರಿಯಿಡೀ ಬ್ಯಾಟರಿಯನ್ನು ಹಿಂದಕ್ಕೆ ಎಳೆಯುತ್ತದೆ.

ದಾರಿಯಲ್ಲಿ ನಿಂತರೆ

ಮ್ಯಾನುಯಲ್ ಗೇರಿನ ಗಾಡಿ ದೂಡಿ ಚಾಲೂ ಮಾಡಬಹುದು, ಆಟೊಮ್ಯಾಟಿಕ್ ಆಗುವುದಿಲ್ಲ. ಇನ್ನೊಂದು ಗಾಡಿಯಿಂದ ಜಂಪರ್ ಕೇಬಲ್ ಹಾಕುವುದಾದರೆ ಕ್ರಮ ತಪ್ಪಬೇಡಿ: ಕೆಂಪು ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಒಳ್ಳೆಯದರ ಪ್ಲಸ್‌ಗೆ, ಕಪ್ಪು ಒಳ್ಳೆಯದರ ಮೈನಸ್‌ಗೆ, ಕೊನೆಯ ತುದಿ ಸತ್ತ ಗಾಡಿಯ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ. ಕೊನೆಯ ತುದಿ ಕೂಡುವಾಗ ಕಿಡಿ ಹಾರುತ್ತದೆ, ಅದು ಬ್ಯಾಟರಿಯ ಗ್ಯಾಸಿನಿಂದ ದೂರ ಇರಲಿ ಅಂತ ಹೀಗೆ. ಒಳ್ಳೆಯ ಗಾಡಿ ಚಾಲೂ ಮಾಡಿ ಐದು ನಿಮಿಷ ಬಿಟ್ಟು ಪ್ರಯತ್ನಿಸಿ. ಬಿಚ್ಚುವಾಗ ಅದೇ ಕ್ರಮ ತಿರುಗಾ.

ಹೀಗೆ ಚಾಲೂ ಮಾಡಿದ ಗಾಡಿ ಸ್ವಲ್ಪ ದೂರ ಹೋಗಿ ತಾನೇ ನಿಂತುಬಿಟ್ಟರೆ ಚಾರ್ಜಿಂಗ್ ಇಲ್ಲ ಅಂತ ತಿಳಿಯಿರಿ. ನಿಲ್ಲದೆ ಓಡಿ, ಮರುದಿನ ಬೆಳಿಗ್ಗೆ ಮತ್ತೆ ಏಳದಿದ್ದರೆ ಬ್ಯಾಟರಿ ಅಥವಾ ರಾತ್ರಿಯ ಕಳ್ಳ.

ಬಿಚ್ಚಿಸುವಾಗ, ಕೊಳ್ಳುವಾಗ

ಆಲ್ಟರ್ನೇಟರೇ ಕೆಟ್ಟಿದೆ ಅಂತ ಖಾತ್ರಿ ಆದರೆ ಪೂರ್ತಿ ಹೊಸದು ಹಾಕಿಸುವ ಮೊದಲು ಒಳ್ಳೆಯ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಕಾರ್ಬನ್ ಬ್ರಷ್ ಸವೆದಿರಬಹುದು, ಐಸಿ ಹೋಗಿರಬಹುದು, ಬೇರಿಂಗ್ ಗರಗರ ಅನ್ನುತ್ತಿರಬಹುದು. ಇವು ಬಿಡಿಯಾಗಿ ಸಿಗುತ್ತವೆ. ಒಳಗಿನ ಸುರುಳಿಯೇ ಸುಟ್ಟು ವಾಸನೆ ಬರುತ್ತಿದ್ದರೆ ಮಾತ್ರ ನಾನು ಹೊಸದಕ್ಕೆ ಒಪ್ಪುತ್ತೇನೆ.

ಬ್ಯಾಟರಿ ಕೊಳ್ಳುವಾಗ ತಯಾರಾದ ತಿಂಗಳು ಕೇಳಿ. ಕಪಾಟಿನಲ್ಲಿ ಆರು ತಿಂಗಳು ದಾಟಿ ಕೂತದ್ದು ಬೇಡ. ಕಂಪನಿ ಹೇಳಿದ ಅಳತೆಯನ್ನೇ ಹಾಕಿ. ಸಿಗ್ನಲ್‌ನಲ್ಲಿ ತಾನೇ ಬಂದ್ ಆಗಿ ತಾನೇ ಚಾಲೂ ಆಗುವ ಗಾಡಿ ಆದರೆ ಅದಕ್ಕೆ ಹೇಳಿದ ಇಎಫ್‌ಬಿ ಅಥವಾ ಎಜಿಎಂ (ಪದೇ ಪದೇ ಸೆಲ್ಫ್ ಹೊಡೆದರೂ ತಡೆಯುವ ಜಾತಿಯ) ಬ್ಯಾಟರಿಯೇ ಬೇಕು, ಸಾದಾ ಹಾಕಿದರೆ ಬೇಗ ಸಾಯುತ್ತದೆ. ವಾರಂಟಿ ಕಾರ್ಡಿನಲ್ಲಿ ದಿನಾಂಕ, ಮುದ್ರೆ ಹಾಕಿಸಿಕೊಳ್ಳಿ. ಹಳೆಯದನ್ನು ಅಂಗಡಿಗೇ ಕೊಡಿ, ಬೆಲೆಯಲ್ಲಿ ಕಳೆಯುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದಂತೆ ಅದನ್ನು ಕಸದಲ್ಲಿ ಎಸೆಯುವ ಹಾಗಿಲ್ಲ. ಒಳಗೆ ಸೀಸ ಇದೆ. ಆದರೆ ಕೊಡುವ ಮೊದಲು ಐದು ಮತ್ತು ಆರನೇ ಹಂತ ಮುಗಿಸಿರಿ. ನನ್ನ ಹಾಗೆ ಆಗುವುದು ಬೇಡ.

ಈಗ ನನ್ನ ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಒಂದು ಸಣ್ಣ ವಹಿ ಇದೆ. ತಿಂಗಳಿಗೊಮ್ಮೆ ಒಂದು ಸಾಲು, ಮೂರು ಅಂಕಿ. ಹೋದ ಭಾನುವಾರದ ಸಾಲು: ಬೆಳಿಗ್ಗೆ 12.5, ಸೆಲ್ಫ್‌ಗೆ 10.4, ಚಾಲೂ ಇದ್ದಾಗ 14.2. ಪಕ್ಕದಲ್ಲಿ ಮನೆಯವಳು ಪೆನ್ಸಿಲಿನಲ್ಲಿ ಬರೆದಿದ್ದಾಳೆ: ಚಹಾಕ್ಕ ನಿಲ್ಲಸಬಹುದು.